ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಅಪ್‌ಡೇಟ್ ಅರ್ಧಕ್ಕೆ ನಿಂತರೆ ಸರಿಪಡಿಸುವ ಕ್ರಮ: ಸಮಗ್ರ ಮಾರ್ಗದರ್ಶಿ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಬಳಸುವವರಿಂದ ಮತ್ತೆ ಮತ್ತೆ ಬರುವ ದೂರು ಒಂದೇ: ಅಪ್‌ಡೇಟ್ ಅರ್ಧಕ್ಕೆ ನಿಂತಿದೆ, ಏನು ಮಾಡಿದರೂ ಮುಂದಕ್ಕೆ ಹೋಗುತ್ತಿಲ್ಲ. ವಿಚಾರಿಸಿ ನೋಡಿದರೆ ಅವರು ಕೊಟ್ಟ ಕಮಾಂಡ್‌ಗಳು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತವೆ. ಕೊಟ್ಟ ಕ್ರಮ ತಪ್ಪಿರುತ್ತದೆ. ಡಿಸ್ಕ್ ತುಂಬಿರುವಾಗ ದುರಸ್ತಿಯ ಕಮಾಂಡ್ ಕೊಟ್ಟರೆ ಆ ದುರಸ್ತಿಯೂ ಅರ್ಧಕ್ಕೆ ನಿಲ್ಲುತ್ತದೆ. ಯಂತ್ರದ ಗಡಿಯಾರ ತಪ್ಪಿರುವಾಗ ಸರ್ವರ್ ಬದಲಿಸಿದರೆ ಹೊಸ ಸರ್ವರ್ ಕೂಡ ಅದೇ ಎರರ್ ತೋರಿಸುತ್ತದೆ. ಆದ್ದರಿಂದ ಕೆಳಗಿನ ಹಂತಗಳನ್ನು ಮೇಲಿನಿಂದ ಕೆಳಕ್ಕೆ, ಒಂದನ್ನೂ ಹಾರಿಸದೆ ಅನುಸರಿಸಬೇಕು.

ಕಮಾಂಡ್‌ಗಳನ್ನು ಇಲ್ಲಿ ಓದುವ ರೀತಿಯಲ್ಲಿ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ) ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ಅಡ್ಡಗೆರೆ ಮತ್ತು ಓರೆಗೆರೆಗಳನ್ನು ಇದ್ದ ಹಾಗೆಯೇ ಉಳಿಸಿಕೊಂಡು ಟೈಪ್ ಮಾಡಬೇಕು. ಡಿಪಿಕೆಜಿ, ಡಿಎಫ್ ಮುಂತಾದವುಗಳನ್ನು ಅಕ್ಷರ ಅಕ್ಷರವಾಗಿ ಬರೆಯಬೇಕು.

## ಮೊದಲೇ ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಎರರ್‌ನ ಫೋಟೊ ತೆಗೆಯಲು ಒಂದು ಮೊಬೈಲ್, ದಾಖಲೆಗಳನ್ನು ಉಳಿಸಿಕೊಳ್ಳಲು ಹೊರಗಿನ ಹಾರ್ಡ್ ಡಿಸ್ಕ್ ಅಥವಾ ದೊಡ್ಡ ಪೆನ್‌ಡ್ರೈವ್, ಮತ್ತು ತಾವು ಬಳಸುವ ಆವೃತ್ತಿಯದೇ ಲೈವ್ ಇಮೇಜ್ (ಪೆನ್‌ಡ್ರೈವ್‌ನಿಂದಲೇ ಯಂತ್ರ ಹಚ್ಚಲು ಬರುವ ಸಿಸ್ಟಂ ಪ್ರತಿ) ಬರೆದಿರುವ ಇನ್ನೊಂದು 8 ಜಿಬಿ ಪೆನ್‌ಡ್ರೈವ್ ಬೇಕು. ಈ ಲೈವ್ ಪೆನ್‌ಡ್ರೈವ್ ಅನ್ನು ಯಂತ್ರ ಸರಿಯಾಗಿರುವಾಗಲೇ ಸಿದ್ಧಪಡಿಸಬೇಕು, ಏಕೆಂದರೆ ಕೆಟ್ಟ ಮೇಲೆ ಬೇರೆಯವರ ಕಂಪ್ಯೂಟರ್ ಹುಡುಕಿಕೊಂಡು ಹೋಗಬೇಕಾಗುತ್ತದೆ.

ವಿದ್ಯುತ್ತಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳ ಸಂಜೆ ಗಾಳಿ ಎದ್ದರೆ ಕರೆಂಟು ಹೋಗುವುದು ಸಾಮಾನ್ಯ. ಮನೆಯ ಇನ್ವರ್ಟರ್ ಇದೆಯೆಂದು ನಂಬಿದವರ ಡೆಸ್ಕ್‌ಟಾಪ್ ಕೂಡ ಕರೆಂಟು ಹೋದ ಕ್ಷಣ ರೀಸ್ಟಾರ್ಟ್ ಆಗುವುದುಂಟು. ಅನೇಕ ಇನ್ವರ್ಟರ್‌ಗಳ ಹಿಂಬದಿಯಲ್ಲಿ ಸಾಧಾರಣ ಮೋಡ್ ಮತ್ತು ಯುಪಿಎಸ್ ಮೋಡ್ ಎಂಬ ಸ್ವಿಚ್ ಇರುತ್ತದೆ. ಸಾಧಾರಣ ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗುವ ಹೊತ್ತು ಹೆಚ್ಚು, ಫ್ಯಾನು ದೀಪಗಳಿಗೆ ಅದು ಗೊತ್ತಾಗದಿದ್ದರೂ ಡೆಸ್ಕ್‌ಟಾಪ್ ತಡೆದುಕೊಳ್ಳುವುದಿಲ್ಲ. ಆ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದೆಯೇ ಎಂದು ನೋಡಿಕೊಳ್ಳಿ, ಅಥವಾ ಕಂಪ್ಯೂಟರಿಗೆಂದೇ ಬೇರೆ ಯುಪಿಎಸ್ ಇಡಿ. ಅಪ್‌ಡೇಟನ್ನು ಬೆಳಿಗ್ಗೆ ಮಾಡುವುದು ಇನ್ನೂ ಒಳ್ಳೆಯದು.

## ಹಂತ 1: ಕೈ ತಡೆದು, ಮೊದಲ ಎರರ್ ಸಾಲನ್ನು ಓದಿ

ಪರದೆ ನಿಂತಂತೆ ಕಂಡ ಮಾತ್ರಕ್ಕೆ ಪವರ್ ಬಟನ್ ಒತ್ತಿ ಹಿಡಿಯಬಾರದು. ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಕರ್ನೆಲ್ (ಸಿಸ್ಟಂನ ತಿರುಳಾದ ತಂತ್ರಾಂಶ) ಸ್ಥಾಪನೆಯ ವೇಳೆ ಶೇಕಡಾವಾರು ಸಂಖ್ಯೆ ಹಲವು ನಿಮಿಷ ಅಲುಗಾಡದೆ ಇರಬಹುದು. ಡಿಸ್ಕಿನ ದೀಪ ಮಿನುಗುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದೇ ತಿಳಿಯಬೇಕು.

ಚಿತ್ರಾತ್ಮಕ ಅಪ್‌ಡೇಟ್ ಕಿಟಕಿ ದೋಷದ ಕಾರಣವನ್ನು ಮುಚ್ಚಿಡುತ್ತದೆ. ಅದು ನಿಜವಾಗಿ ವಿಫಲವಾದ ಮೇಲೆ ಅದನ್ನು ಮುಚ್ಚಿ, ಟರ್ಮಿನಲ್ ತೆರೆದು "ಸುಡೋ ಆಪ್ಟ್ ಅಪ್‌ಡೇಟ್" ಕೊಡಿ. ಅದು ದೋಷವಿಲ್ಲದೆ ಮುಗಿದರೆ ಮಾತ್ರ "ಸುಡೋ ಆಪ್ಟ್ ಅಪ್‌ಗ್ರೇಡ್" ಕೊಡಿ. ಮೊದಲನೆಯದು ಪ್ಯಾಕೇಜ್‌ಗಳ (ತಂತ್ರಾಂಶದ ಕಟ್ಟುಗಳ) ಪಟ್ಟಿಯನ್ನಷ್ಟೇ ತರುತ್ತದೆ, ಎರಡನೆಯದು ಪ್ಯಾಕೇಜ್‌ಗಳನ್ನು ಇಳಿಸಿ ಹಾಕುತ್ತದೆ. ಯಾವುದರಲ್ಲಿ ಸೋತಿತು ಎಂಬುದರಿಂದಲೇ ಅರ್ಧ ರೋಗ ತಿಳಿಯುತ್ತದೆ: ಮೊದಲನೆಯದರಲ್ಲಿ ಸೋತರೆ ನೆಟ್, ಗಡಿಯಾರ ಅಥವಾ ಮೂಲಗಳ ತೊಂದರೆ, ಎರಡನೆಯದರಲ್ಲಿ ಸೋತರೆ ಸಾಮಾನ್ಯವಾಗಿ ಜಾಗ, ಲಾಕ್ (ಒಂದು ಅಪ್‌ಡೇಟ್ ನಡೆಯುವಾಗ ಇನ್ನೊಂದನ್ನು ತಡೆಯುವ ಬೀಗ) ಅಥವಾ ಅರ್ಧಂಬರ್ಧ ಸ್ಥಾಪನೆಯ ತೊಂದರೆ.

ಬಹುತೇಕರು ಕೊನೆಯ ಸಾಲನ್ನು ನಕಲು ಮಾಡಿ ಸಹಾಯ ಕೇಳುತ್ತಾರೆ. "ಸಬ್-ಪ್ರೊಸೆಸ್ /ಯುಎಸ್‌ಆರ್/ಬಿನ್/ಡಿಪಿಕೆಜಿ ರಿಟರ್ನ್ಡ್ ಆ್ಯನ್ ಎರರ್ ಕೋಡ್ (1)" ಎಂಬ ಆ ಸಾಲು (ಡಿಪಿಕೆಜಿ ಎಂದರೆ ಪ್ಯಾಕೇಜ್‌ಗಳನ್ನು ಹಾಕುವ ತಂತ್ರಾಂಶ) ಏನೋ ಕೆಟ್ಟಿದೆ ಎನ್ನುವುದನ್ನು ಬಿಟ್ಟರೆ ಬೇರೇನನ್ನೂ ಹೇಳುವುದಿಲ್ಲ. ಮೇಲಕ್ಕೆ ಸರಿಸಿ, ಎರರ್ ಎಂಬ ಪದ ಮೊದಲ ಬಾರಿ ಬಂದ ಸಾಲನ್ನು ಹುಡುಕಿ ಫೋಟೊ ತೆಗೆದುಕೊಳ್ಳಿ. ಕಿಟಕಿ ಮುಚ್ಚಿಹೋಗಿದ್ದರೆ ಅದೇ ಬರಹ "/ವಾರ್/ಲಾಗ್/ಆಪ್ಟ್/ಟರ್ಮ್.ಲಾಗ್" ಕಡತದಲ್ಲಿ ಉಳಿದಿರುತ್ತದೆ, ಯಾವ ದಿನ ಏನೇನು ಬದಲಾಯಿತು ಎಂಬುದು ಅದರ ಪಕ್ಕದ "ಹಿಸ್ಟರಿ.ಲಾಗ್" ಕಡತದಲ್ಲಿರುತ್ತದೆ.

## ಹಂತ 2: ದಾಖಲೆಗಳ ಪ್ರತಿ ತೆಗೆದುಕೊಳ್ಳಿ

ಯಂತ್ರ ಇನ್ನೂ ಓಡುತ್ತಿದ್ದರೆ ಮುಂದಿನ ಹಂತಕ್ಕೆ ಮೊದಲು ಹೋಮ್ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ. ಅಂಗಡಿಯ ಬಿಲ್ಲು, ಗಿರಾಕಿಗಳ ಕಡತ, ಮಕ್ಕಳ ಪ್ರಾಜೆಕ್ಟ್ ಯಾವುದೂ ಪ್ಯಾಕೇಜ್ ದುರಸ್ತಿಗಿಂತ ಕಡಿಮೆ ಮುಖ್ಯವಲ್ಲ. ಮಿಂಟ್ ಬಳಸುವವರು ಟೈಮ್‌ಶಿಫ್ಟ್ ಇದೆಯಲ್ಲ ಎಂದು ಸುಮ್ಮನಿರಬಾರದು. ಅದು ರೂಢಿಯ ಹೊಂದಿಕೆಯಲ್ಲಿ ಸಿಸ್ಟಂ ಕಡತಗಳನ್ನಷ್ಟೇ ಉಳಿಸುತ್ತದೆ, ಹೋಮ್ ಫೋಲ್ಡರಿನ ದಾಖಲೆಗಳನ್ನಲ್ಲ.

## ಹಂತ 3: ನೆಟ್ ಮತ್ತು ಗಡಿಯಾರ

"ಪಿಂಗ್ -ಸಿ 4" ಎಂದು ಬರೆದು, ಜಾಗ ಬಿಟ್ಟು, ಗೊತ್ತಿರುವ ಯಾವುದಾದರೂ ಜಾಲತಾಣದ ವಿಳಾಸ ಕೊಟ್ಟು ಉತ್ತರ ಬರುತ್ತದೆಯೇ ನೋಡಿ. "ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಷನ್" ಎಂದು ಬಂದರೆ ವಿಳಾಸವನ್ನು ಹುಡುಕಿಕೊಡುವ ಡಿಎನ್‌ಎಸ್ ಸಿಗುತ್ತಿಲ್ಲ ಎಂದರ್ಥ; ರೌಟರ್ ಒಮ್ಮೆ ಆಫ್ ಮಾಡಿ ಹಾಕಿ, ಆಗದಿದ್ದರೆ ಮೊಬೈಲಿನ ಹಾಟ್‌ಸ್ಪಾಟ್ ಕೊಟ್ಟು ಪರೀಕ್ಷಿಸಿ. ಹಾಸ್ಟೆಲ್ ಅಥವಾ ಕಾಲೇಜಿನ ವೈಫೈಯಲ್ಲಿ ಲಾಗಿನ್ ಪುಟ ತುಂಬದೆ ಅಪ್‌ಡೇಟ್ ಆರಂಭಿಸಿದರೆ ಪ್ಯಾಕೇಜ್ ಪಟ್ಟಿಯ ಬದಲು ಆ ಲಾಗಿನ್ ಪುಟವೇ ಇಳಿದು ವಿಚಿತ್ರ ಎರರ್‌ಗಳು ಬರುತ್ತವೆ. ಮೊದಲು ಬ್ರೌಸರಿನಲ್ಲಿ ಲಾಗಿನ್ ಮುಗಿಸಿಕೊಳ್ಳಬೇಕು.

ಗಡಿಯಾರದ ತೊಂದರೆಯನ್ನು ಹೆಚ್ಚಿನವರು ಊಹಿಸುವುದೇ ಇಲ್ಲ, ಆದರೆ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಬಳಸುವವರಿಗೆ ಇದು ಪದೇ ಪದೇ ಕಾಡುತ್ತದೆ. ಮದರ್‌ಬೋರ್ಡಿನ ಮೇಲೆ ರೂಪಾಯಿ ನಾಣ್ಯದಂಥ ಒಂದು ಸೆಲ್ ಇರುತ್ತದೆ. ಬಹುತೇಕ ಡೆಸ್ಕ್‌ಟಾಪ್‌ಗಳಲ್ಲಿ ಅದರ ಮೇಲೆ ಸಿಆರ್2032 ಎಂದು ಬರೆದಿರುತ್ತದೆ. ಅದು ಸತ್ತಿದ್ದರೆ, ರಾತ್ರಿ ಅಂಗಡಿ ಮುಚ್ಚುವಾಗ ಗೋಡೆಯ ಸ್ವಿಚ್ ಆಫ್ ಮಾಡಿದೊಡನೆ ಯಂತ್ರ ಸಮಯವನ್ನು ಮರೆಯುತ್ತದೆ. ಬೆಳಿಗ್ಗೆ ಹಳೆಯ ದಿನಾಂಕದೊಂದಿಗೆ ಎದ್ದ ಯಂತ್ರಕ್ಕೆ ಇಂದಿನ ಪ್ಯಾಕೇಜ್ ಪಟ್ಟಿ ಮುಂದಿನ ದಿನಗಳದ್ದಾಗಿ ಕಾಣುತ್ತದೆ, ಆಗ "ರಿಲೀಸ್ ಫೈಲ್... ಈಸ್ ನಾಟ್ ವ್ಯಾಲಿಡ್ ಯೆಟ್" ಎಂಬ ಸಾಲು ಬರುತ್ತದೆ. ಬ್ರೌಸರ್ ಕೂಡ ಸಂಪರ್ಕ ಸುರಕ್ಷಿತವಲ್ಲ ಎಂದು ಎಲ್ಲ ತಾಣಗಳಿಗೂ ಹೇಳತೊಡಗಿದರೆ ಗಡಿಯಾರವನ್ನೇ ಅನುಮಾನಿಸಬೇಕು.

"ಟೈಮ್‌ಡೇಟ್‌ಸಿಟಿಎಲ್" ಎಂದಷ್ಟೇ ಕೊಟ್ಟರೆ ಯಂತ್ರದ ದಿನಾಂಕ, ಸಮಯ ಕಾಣುತ್ತದೆ. ತಪ್ಪಿದ್ದರೆ "ಸುಡೋ ಟೈಮ್‌ಡೇಟ್‌ಸಿಟಿಎಲ್ ಸೆಟ್-ಎನ್‌ಟಿಪಿ ಟ್ರೂ" ಕೊಟ್ಟು ಒಂದೆರಡು ನಿಮಿಷ ಕಾಯಿರಿ. ನೆಟ್ ಇದ್ದರೆ ಸಮಯ ತಾನೇ ಸರಿಯಾಗುತ್ತದೆ. ದಿನವೂ ಇದೇ ಆಗುತ್ತಿದ್ದರೆ ಸೆಲ್ ಬದಲಿಸುವುದೇ ಪರಿಹಾರ. ಪ್ಲಗ್ ತೆಗೆದ ಮೇಲೆಯೇ ಕ್ಯಾಬಿನೆಟ್ ಬಿಚ್ಚಬೇಕು.

## ಹಂತ 4: ಜಾಗ ಇದೆಯೇ?

"ಡಿಎಫ್ -ಹೆಚ್" ಕೊಟ್ಟು, ಬಂದ ಪಟ್ಟಿಯಲ್ಲಿ ಒಂಟಿ ಓರೆಗೆರೆಯ ಸಾಲನ್ನೂ "/ಬೂಟ್" ಎಂಬ ಸಾಲು ಇದ್ದರೆ ಅದನ್ನೂ ನೋಡಿ. ಇವೆರಡರಲ್ಲಿ ಯಾವುದಾದರೂ 100% ಮುಟ್ಟಿದ್ದರೆ ಮುಂದಿನ ಯಾವ ದುರಸ್ತಿಯೂ ಫಲ ಕೊಡದು.

ಮುಖ್ಯ ಡಿಸ್ಕ್ ತುಂಬಿದ್ದರೆ "ಸುಡೋ ಆಪ್ಟ್ ಕ್ಲೀನ್" ಕೊಡಿ. ಇದು ಹಿಂದೆ ಇಳಿಸಿಕೊಂಡಿದ್ದ ಪ್ಯಾಕೇಜ್ ಕಡತಗಳನ್ನು ಅಳಿಸುತ್ತದೆ. ಹಾಕಿಕೊಂಡಿರುವ ತಂತ್ರಾಂಶಕ್ಕೆ ಇದರಿಂದ ಏನೂ ಆಗುವುದಿಲ್ಲ. ನಂತರ "ಸುಡೋ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ" ಕೊಟ್ಟರೆ ಹಳೆಯ ಲಾಗ್‌ಗಳು ಕರಗುತ್ತವೆ; ಇದರ ಕೊನೆಯ ಎಂ ಅಕ್ಷರವನ್ನು ಮಾತ್ರ ದೊಡ್ಡಕ್ಷರದಲ್ಲಿ ಬರೆಯಬೇಕು. ಕಸದ ಬುಟ್ಟಿಯನ್ನೂ ಡೌನ್‌ಲೋಡ್ಸ್ ಫೋಲ್ಡರನ್ನೂ ಖಾಲಿ ಮಾಡಿ. ಜಾಗ ಇದ್ದರೂ "ನೋ ಸ್ಪೇಸ್ ಲೆಫ್ಟ್" ಎಂದು ಬರುತ್ತಿದ್ದರೆ "ಡಿಎಫ್ -ಐ" ಕೊಟ್ಟು ನೋಡಿ. ಲಕ್ಷಗಟ್ಟಲೆ ಸಣ್ಣ ಕಡತಗಳು ಸೇರಿಕೊಂಡಾಗ ಜಾಗ ಉಳಿದಿದ್ದರೂ ಹೊಸ ಕಡತಕ್ಕೆ ಐನೋಡ್ (ಪ್ರತಿ ಕಡತಕ್ಕೂ ಬೇಕಾದ ಗುರುತು) ಸಂಖ್ಯೆ ಉಳಿದಿರುವುದಿಲ್ಲ.

"/ಬೂಟ್" ಬೇರೆ ಪಾರ್ಟಿಷನ್ (ಡಿಸ್ಕಿನ ಪ್ರತ್ಯೇಕ ಭಾಗ) ಆಗಿರುವುದು ಮುಖ್ಯವಾಗಿ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿಕೊಂಡವರ ಯಂತ್ರಗಳಲ್ಲಿ. ಅದು ಚಿಕ್ಕದಾಗಿರುವುದರಿಂದ ಹಳೆಯ ಕರ್ನೆಲ್‌ಗಳು ಕೂಡಿಕೊಂಡು ಬೇಗ ತುಂಬುತ್ತದೆ. "ಸುಡೋ ಆಪ್ಟ್ ಆಟೋರಿಮೂವ್ --ಪರ್ಜ್" ಸಾಮಾನ್ಯವಾಗಿ ಸಾಕು. ಅದೂ ಎರರ್ ಕೊಟ್ಟರೆ ಹೀಗೆ ಮಾಡಿ: "ಯುನೇಮ್ -ಆರ್" ಕೊಟ್ಟು ಈಗ ಓಡುತ್ತಿರುವ ಕರ್ನೆಲ್ ಸಂಖ್ಯೆಯನ್ನು ಕಾಗದದಲ್ಲಿ ಬರೆದುಕೊಳ್ಳಿ, "ಡಿಪಿಕೆಜಿ --ಲಿಸ್ಟ್" ಪಟ್ಟಿಯಲ್ಲಿ ಲಿನಕ್ಸ್-ಇಮೇಜ್ ಎಂದು ಆರಂಭವಾಗುವ ಹೆಸರುಗಳನ್ನು ನೋಡಿ, ಎಲ್ಲಕ್ಕಿಂತ ಹಳೆಯದನ್ನು ಆರಿಸಿ, "ಸುಡೋ ಡಿಪಿಕೆಜಿ --ಪರ್ಜ್" ಎಂದು ಬರೆದು ಮುಂದೆ ಅದರ ಪೂರ್ಣ ಹೆಸರು ಕೊಡಿ. ಅದನ್ನು ಅವಲಂಬಿಸಿದ ಲಿನಕ್ಸ್-ಮಾಡ್ಯೂಲ್ಸ್-ಎಕ್ಸ್‌ಟ್ರಾ ಪ್ಯಾಕೇಜ್ ಅಡ್ಡ ಬಂದರೆ ಅದೇ ಸಂಖ್ಯೆಯ ಎರಡೂ ಹೆಸರುಗಳನ್ನು ಒಂದೇ ಕಮಾಂಡ್‌ನಲ್ಲಿ ಕೊಡಬೇಕು. ಕಾಗದದಲ್ಲಿ ಬರೆದ ಸಂಖ್ಯೆಯನ್ನು ಯಾವ ಕಾರಣಕ್ಕೂ ತೆಗೆಯಬಾರದು. "/ಬೂಟ್" ಒಳಗಿನ ಕಡತಗಳನ್ನು ಫೈಲ್ ಮ್ಯಾನೇಜರಿನಿಂದ ಅಳಿಸುವುದು ಇನ್ನೂ ದೊಡ್ಡ ತಪ್ಪು. ಕಡತ ಹೋದರೂ ಪ್ಯಾಕೇಜ್ ಇದೆಯೆಂದೇ ಸಿಸ್ಟಂ ನಂಬಿರುತ್ತದೆ, ಗೋಜಲು ಎರಡು ಪಟ್ಟು ಆಗುತ್ತದೆ.

## ಹಂತ 5: ಲಾಕ್ ಯಾರ ಕೈಯಲ್ಲಿದೆ ಎಂದು ನೋಡಿ

ಅತಿ ಹೆಚ್ಚು ಯಂತ್ರಗಳು ಕೆಡುವುದು ಈ ಹಂತದಲ್ಲಿ, ಅದೂ ವಿಡಿಯೊ ನೋಡಿ ನಕಲು ಮಾಡಿದ ಒಂದು ಸಾಲಿನಿಂದ. ಎರರ್ ಹೀಗಿರುತ್ತದೆ: "ಕುಡ್ ನಾಟ್ ಗೆಟ್ ಲಾಕ್ /ವಾರ್/ಲಿಬ್/ಡಿಪಿಕೆಜಿ/ಲಾಕ್-ಫ್ರಂಟ್‌ಎಂಡ್. ಇಟ್ ಈಸ್ ಹೆಲ್ಡ್ ಬೈ ಪ್ರೊಸೆಸ್ 2143". ಸಂಖ್ಯೆಯ ಮುಂದೆ ಆವರಣದೊಳಗೆ ಆ ಪ್ರೊಸೆಸ್ಸಿನ ಹೆಸರಿರುತ್ತದೆ. ಹೆಚ್ಚಾಗಿ ಅದು "ಅನ್‌ಅಟೆಂಡೆಡ್-ಅಪ್‌ಗ್ರ್" ಎಂದು ಬಾಲ ಕತ್ತರಿಸಿದಂತೆ ಕಾಣುತ್ತದೆ. ತಾನಾಗಿಯೇ ಸುರಕ್ಷತಾ ಅಪ್‌ಡೇಟ್ ಹಾಕುವ ಉಬುಂಟುವಿನ ಸೇವೆ ಅದು. ಕೆಲವು ದಿನ ಬಿಟ್ಟು ಯಂತ್ರ ಹಚ್ಚಿದಾಗ, ಲಾಗಿನ್ ಆದ ಕೆಲವೇ ನಿಮಿಷಗಳಲ್ಲಿ ಅದು ಕೆಲಸಕ್ಕೆ ಇಳಿದಿರುತ್ತದೆ. ಅಂದರೆ ಎರರ್ ಎಂದು ಕಂಡದ್ದು ವಾಸ್ತವವಾಗಿ ಅಪ್‌ಡೇಟ್ ನಡೆಯುತ್ತಿದೆ ಎಂಬ ಸುದ್ದಿ.

ಆಗ ಲಾಕ್ ಕಡತವನ್ನು ಅಳಿಸಿ ಇನ್ನೊಂದು ಅಪ್‌ಡೇಟ್ ಆರಂಭಿಸಿದರೆ ಎರಡು ಪ್ರೊಸೆಸ್‌ಗಳು ಒಂದೇ ಪ್ಯಾಕೇಜ್ ದಾಖಲೆಯನ್ನು ಒಟ್ಟಿಗೆ ತಿದ್ದತೊಡಗುತ್ತವೆ. ಆ ದಾಖಲೆ ಹಾಳಾದರೆ ಸರಿಪಡಿಸುವುದು ಬಹಳ ಕಷ್ಟ. ಇದನ್ನು ಒತ್ತಿ ಹೇಳುತ್ತಿದ್ದೇನೆ: ಲಾಕ್ ಕಡತವನ್ನು ಅಳಿಸುವ ಸಲಹೆ ಎಲ್ಲಿ ಕಂಡರೂ ಅನುಸರಿಸಬೇಡಿ.

ಮಾಡಬೇಕಾದದ್ದು ಇಷ್ಟು. "ಪಿಎಸ್ -ಪಿ 2143" ಎಂದು, ತಮ್ಮ ಪರದೆಯಲ್ಲಿ ಬಂದ ಸಂಖ್ಯೆಯನ್ನು ಕೊಟ್ಟು ಆ ಪ್ರೊಸೆಸ್ ಇನ್ನೂ ಇದೆಯೇ ನೋಡಿ. ಇದ್ದರೆ ಕಾಯಿರಿ, ನಿಧಾನ ನೆಟ್ ಇದ್ದರೆ ಅರ್ಧ ಗಂಟೆಯಾದರೂ ಆಗಲಿ. ಸಾಫ್ಟ್‌ವೇರ್ ಅಪ್‌ಡೇಟರ್ ಅಥವಾ ಸಿನಾಪ್ಟಿಕ್ ಕಿಟಕಿ ಬೇರೆ ಕಡೆ ತೆರೆದಿದ್ದರೆ ಮುಚ್ಚಿ. ಬಹಳ ಹೊತ್ತಾದರೂ ಡಿಸ್ಕಿನಲ್ಲಾಗಲಿ ನೆಟ್‌ನಲ್ಲಾಗಲಿ ಚಲನೆಯೇ ಇಲ್ಲದಿದ್ದರೆ, ಮೆನುವಿನಿಂದ ಕ್ರಮಬದ್ಧವಾಗಿ ರೀಸ್ಟಾರ್ಟ್ ಮಾಡಿ. ಪ್ರೊಸೆಸ್ ಮುಗಿದೊಡನೆ ಲಾಕ್ ತಾನೇ ಬಿಡುಗಡೆಯಾಗುತ್ತದೆ, ಕಡತ ಅಲ್ಲಿಯೇ ಇದ್ದರೂ ತೊಂದರೆಯಿಲ್ಲ.

## ಹಂತ 6: ಅರ್ಧಂಬರ್ಧ ಸ್ಥಾಪನೆಯನ್ನು ಮುಗಿಸಿ

ಕರೆಂಟು ಹೋಗಿ ಯಂತ್ರ ನಿಂತಿದ್ದರೆ ಮುಂದಿನ ಬಾರಿ "ಡಿಪಿಕೆಜಿ ವಾಸ್ ಇಂಟರಪ್ಟೆಡ್" ಎಂಬ ಸಾಲು ಬರುತ್ತದೆ. ಇದೇ ಕ್ರಮದಲ್ಲಿ ನಾಲ್ಕು ಕಮಾಂಡ್ ಕೊಡಿ, ಒಂದು ಮುಗಿದ ಮೇಲೆಯೇ ಇನ್ನೊಂದು:

ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ
ಸುಡೋ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್
ಸುಡೋ ಆಪ್ಟ್ ಅಪ್‌ಡೇಟ್
ಸುಡೋ ಆಪ್ಟ್ ಅಪ್‌ಗ್ರೇಡ್

ಮೊದಲನೆಯದು ಬಿಚ್ಚಿಟ್ಟ ಪ್ಯಾಕೇಜ್‌ಗಳನ್ನು ಹೊಂದಿಸಿ ಮುಗಿಸುತ್ತದೆ. ಎರಡನೆಯದು ಕಳೆದುಹೋದ ಅವಲಂಬನೆಗಳನ್ನು ತಂದು ಹಾಕುತ್ತದೆ.

ಇದರ ನಡುವೆ ಒಂದು ಪ್ರಶ್ನೆ ಬಂದು ನಿಲ್ಲಬಹುದು: ಯಾವುದೋ "ಕಾನ್ಫಿಗರೇಷನ್ ಫೈಲ್" ಬದಲಾಗಿದೆ, ವೈ, ಎನ್, ಡಿ, ಝಡ್ ಅಕ್ಷರಗಳಲ್ಲಿ ಒಂದನ್ನು ಆರಿಸಿ ಎಂದು. ಅನೇಕರು ಇದನ್ನು ಯಂತ್ರ ನಿಂತುಹೋಯಿತೆಂದು ತಿಳಿದು ಕಿಟಕಿ ಮುಚ್ಚುತ್ತಾರೆ, ಅಲ್ಲಿಂದಲೇ ಹೊಸ ತೊಂದರೆ ಹುಟ್ಟುತ್ತದೆ. ಡಿ ಒತ್ತಿದರೆ ಹಳತು ಹೊಸತರ ವ್ಯತ್ಯಾಸ ಕಾಣುತ್ತದೆ. ಆ ಕಡತವನ್ನು ತಾವು ತಿದ್ದಿದ ನೆನಪಿದ್ದರೆ ಎನ್ ಕೊಡಿ, ಏನೂ ಅರ್ಥವಾಗದಿದ್ದರೂ ಎನ್ ಕೊಡಿ. ಅದು ಈಗಿರುವುದನ್ನೇ ಉಳಿಸುತ್ತದೆ.

ಪ್ರತಿ ಬಾರಿಯೂ ಒಂದೇ ಪ್ಯಾಕೇಜ್ ಸೋಲುತ್ತಿದ್ದರೆ ಅದರ ಹೆಸರು "ಎರರ್ಸ್ ವರ್ ಎನ್‌ಕೌಂಟರ್ಡ್ ವೈಲ್ ಪ್ರೊಸೆಸಿಂಗ್" ಎಂಬ ಸಾಲಿನ ಕೆಳಗೆ ಇರುತ್ತದೆ. "ಸುಡೋ ಆಪ್ಟ್ ಇನ್‌ಸ್ಟಾಲ್ --ರಿಇನ್‌ಸ್ಟಾಲ್" ಮುಂದೆ ಆ ಹೆಸರು ಕೊಟ್ಟು ನೋಡಿ. ಒಂದು ಪ್ಯಾಕೇಜ್ ಇನ್ನೊಂದರ ಕಡತದ ಮೇಲೆ ಬರೆಯಲು ಹೊರಟು "ಟ್ರೈಯಿಂಗ್ ಟು ಓವರ್‌ರೈಟ್" ಎಂದು ಬಂದರೆ, ಸಾಮಾನ್ಯವಾಗಿ ಆ ಎರಡರಲ್ಲಿ ಒಂದನ್ನು ಹೊರಗಿನ ತಾಣದಿಂದ ಇಳಿಸಿಕೊಂಡಿರುತ್ತೀರಿ. ಅದನ್ನು ತೆಗೆದುಹಾಕುವುದು ಸರಿಯಾದ ದಾರಿ. ಫೋರ್ಸ್ ಎಂಬ ಪದ ಇರುವ ಕಮಾಂಡ್‌ಗಳನ್ನು ಲಿಬ್‌ಸಿ6, ಸಿಸ್ಟಂಡಿ, ಡಿಪಿಕೆಜಿ ಇಂಥ ಬುನಾದಿ ಪ್ಯಾಕೇಜ್‌ಗಳ ಮೇಲೆ ಎಂದಿಗೂ ಬಳಸಬಾರದು.

## ಹಂತ 7: ಪ್ಯಾಕೇಜ್‌ಗಳ ಮೂಲಗಳು

"404 ನಾಟ್ ಫೌಂಡ್" ಬಂದರೆ ಮೊದಲು ತಮ್ಮ ಆವೃತ್ತಿಗೆ ಇನ್ನೂ ಬೆಂಬಲ ಇದೆಯೇ ಎಂದು ನೋಡಬೇಕು. ಉಬುಂಟುವಿನ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ) ಆವೃತ್ತಿಗಳಿಗೆ 5 ವರ್ಷ, ನಡುವಿನ ಆವೃತ್ತಿಗಳಿಗೆ 9 ತಿಂಗಳು ಮಾತ್ರ ಸಾಮಾನ್ಯ ಬೆಂಬಲ ಸಿಗುತ್ತದೆ. 20.04ರ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಲ್ಲಿ ಮುಗಿದಿದೆ, 22.04ಕ್ಕೆ 2027ರವರೆಗೆ, 24.04ಕ್ಕೆ 2029ರವರೆಗೆ ಇದೆ. ಮಿಂಟ್ 21 ಮತ್ತು 22 ಕ್ರಮವಾಗಿ 22.04 ಮತ್ತು 24.04ರ ಮೇಲೆ ನಿಂತಿವೆ. ಅವಧಿ ಮೀರಿದ ನಡುವಿನ ಆವೃತ್ತಿಯ ಪ್ಯಾಕೇಜ್‌ಗಳನ್ನು ಮುಖ್ಯ ಸರ್ವರಿನಿಂದ ಹಳೆಯ ಆವೃತ್ತಿಗಳ ಸರ್ವರಿಗೆ ಸಾಗಿಸಲಾಗಿರುತ್ತದೆ. ಅಂಥ ಯಂತ್ರಕ್ಕೆ ದಾಖಲೆ ಉಳಿಸಿಕೊಂಡು ಎಲ್‌ಟಿಎಸ್ ಹೊಸದಾಗಿ ಹಾಕುವುದೇ ನೇರ ದಾರಿ ಎಂಬುದು ನನ್ನ ಅಭಿಪ್ರಾಯ.

ಆವೃತ್ತಿ ಸರಿಯಿದ್ದೂ 404 ಅಥವಾ "ಹ್ಯಾಶ್ ಸಮ್ ಮಿಸ್‌ಮ್ಯಾಚ್" ಬರುತ್ತಿದ್ದರೆ ಹತ್ತಿರದ ಮಿರರ್ (ನಕಲು ಸರ್ವರ್) ಹಿಂದುಳಿದಿರಬಹುದು ಅಥವಾ ಪಟ್ಟಿ ಅರ್ಧ ಇಳಿದಿರಬಹುದು. ಉಬುಂಟುವಿನ "ಸಾಫ್ಟ್‌ವೇರ್ ಆ್ಯಂಡ್ ಅಪ್‌ಡೇಟ್ಸ್" ಕಿಟಕಿಯಲ್ಲಿ "ಸರ್ವರ್ ಫಾರ್ ಇಂಡಿಯಾ" ಬದಲು "ಮೇನ್ ಸರ್ವರ್" ಆರಿಸಿ. ಮಿಂಟ್‌ನಲ್ಲಿ ಇದು "ಸಾಫ್ಟ್‌ವೇರ್ ಸೋರ್ಸಸ್" ಕಿಟಕಿಯಲ್ಲಿದೆ. ಆಮೇಲೂ ಹ್ಯಾಶ್ ದೂರು ಉಳಿದರೆ "/ವಾರ್/ಲಿಬ್/ಆಪ್ಟ್/ಲಿಸ್ಟ್ಸ್" ಫೋಲ್ಡರಿನ ಒಳಗಿರುವುದನ್ನು ಅಳಿಸಿ ಮತ್ತೆ ಅಪ್‌ಡೇಟ್ ಕೊಡಬಹುದು, ಆ ಪಟ್ಟಿಗಳು ಹೊಸದಾಗಿ ಇಳಿಯುತ್ತವೆ. ಅಳಿಸುವ ಮೊದಲು ದಾರಿಯನ್ನು ಎರಡು ಸಲ ಓದಿಕೊಳ್ಳಿ. ಪಕ್ಕದ ಡಿಪಿಕೆಜಿ ಫೋಲ್ಡರಿಗೆ ಕೈ ಹಾಕಬಾರದು.

"ನೋ_ಪಬ್‌ಕೀ" ಎಂಬ ಎರರ್ ಹೆಚ್ಚಾಗಿ ಹೊರಗಿನ ಮೂಲಗಳಿಂದ, ಅಂದರೆ ಪಿಪಿಎಗಳಿಂದ (ಬೇರೆಯವರು ನಡೆಸುವ ಪ್ಯಾಕೇಜ್ ಸಂಗ್ರಹಗಳಿಂದ) ಅಥವಾ ಬ್ರೌಸರ್ ಕಂಪನಿಗಳ ರೆಪೊಸಿಟರಿಗಳಿಂದ ಬರುತ್ತದೆ. "ಅದರ್ ಸಾಫ್ಟ್‌ವೇರ್" ಟ್ಯಾಬಿನಲ್ಲಿ ಅವುಗಳ ಗುರುತು ತೆಗೆದು ಅಪ್‌ಡೇಟ್ ಕೊಡಿ. ಮುಖ್ಯ ಅಪ್‌ಡೇಟ್ ಮುಗಿದ ಮೇಲೆ ಬೇಕಾದ ಮೂಲದ ಕೀಯನ್ನು (ಪ್ಯಾಕೇಜಿನ ಸಹಿ ಪರೀಕ್ಷಿಸುವ ಗುರುತನ್ನು) ಅದರ ಅಧಿಕೃತ ತಾಣದಲ್ಲಿ ಹೇಳಿದಂತೆ ಹಾಕಿಕೊಳ್ಳಿ. ಕೀ ಪರೀಕ್ಷೆಯನ್ನೇ ಬಿಡಿಸುವ "ಟ್ರಸ್ಟೆಡ್=ಯೆಸ್" ಸಾಲನ್ನು ಸೇರಿಸಬಾರದು; ಆಮೇಲೆ ಬರುವ ಪ್ಯಾಕೇಜ್ ಯಾರದ್ದೆಂದು ತಿಳಿಯುವ ದಾರಿಯೇ ಉಳಿಯುವುದಿಲ್ಲ.

## ಹಂತ 8: "ಕೆಪ್ಟ್ ಬ್ಯಾಕ್" ಎಂದು ಉಳಿದವು

ಇದು ದೋಷವಲ್ಲ. ಉಬುಂಟು ಕೆಲವು ಅಪ್‌ಡೇಟ್‌ಗಳನ್ನು ಎಲ್ಲರಿಗೂ ಒಮ್ಮೆಲೇ ಕೊಡದೆ ಹಂತ ಹಂತವಾಗಿ ಬಿಡುತ್ತದೆ; ಕೆಲವು ದಿನ ಬಿಟ್ಟರೆ ತಾನಾಗಿ ಬರುತ್ತವೆ. ವಾರಗಟ್ಟಲೆ ಉಳಿದರೆ "ಸುಡೋ ಆಪ್ಟ್ ಫುಲ್-ಅಪ್‌ಗ್ರೇಡ್" ಕೊಡಬಹುದು, ಆದರೆ ವೈ ಒತ್ತುವ ಮೊದಲು "ರಿಮೂವ್ಡ್" ಪಟ್ಟಿಯನ್ನು ಪೂರ್ತಿ ಓದಬೇಕು. ಅದರಲ್ಲಿ ಉಬುಂಟು-ಡೆಸ್ಕ್‌ಟಾಪ್ ಅಥವಾ ಸಿನಮನ್ (ಮಿಂಟ್‌ನ ಡೆಸ್ಕ್‌ಟಾಪ್) ಹೆಸರು ಕಂಡರೆ ಎನ್ ಒತ್ತಿ ಹಂತ 7ಕ್ಕೆ ಮರಳಿ.

## ಹಂತ 9: ಅಪ್‌ಡೇಟ್ ಆದ ಮೇಲೆ ಯಂತ್ರ ಏಳದಿದ್ದರೆ

ಯಂತ್ರ ಹಚ್ಚಿದ ಕೂಡಲೇ ಎಸ್ಕೇಪ್ ಕೀ, ಹಳೆಯ ಬಯೋಸ್ ಯಂತ್ರಗಳಲ್ಲಾದರೆ ಶಿಫ್ಟ್ ಕೀ ಬಳಸಿ ಗ್ರಬ್ ಮೆನು (ಯಾವ ಕರ್ನೆಲ್‌ನಿಂದ ಏಳಬೇಕೆಂದು ಆರಿಸುವ ಪಟ್ಟಿ) ತರಿಸಿ. "ಅಡ್ವಾನ್ಸ್ಡ್ ಆಪ್ಷನ್ಸ್" ಒಳಗೆ ಹಿಂದಿನ ಕರ್ನೆಲ್ ಆರಿಸಿದರೆ ಯಂತ್ರ ಎದ್ದಿತೆಂದರೆ ದೋಷ ಹೊಸ ಕರ್ನೆಲ್ಲಿನದು ಅಥವಾ ಅದಕ್ಕೆ ಹೊಂದಿಕೊಳ್ಳದ ಡ್ರೈವರಿನದು. ಎನ್‌ವಿಡಿಯಾ ಕಾರ್ಡ್ ಅಥವಾ ವರ್ಚುವಲ್‌ಬಾಕ್ಸ್ ಇರುವವರು "ಡಿಕೆಎಂಎಸ್ ಸ್ಟೇಟಸ್" ಕೊಟ್ಟು ಹೊಸ ಕರ್ನೆಲ್ ಸಂಖ್ಯೆಯ ಮುಂದೆ "ಇನ್‌ಸ್ಟಾಲ್ಡ್" ಎಂದಿದೆಯೇ ನೋಡಬೇಕು. ಇಲ್ಲದಿದ್ದರೆ ಆ ಕರ್ನೆಲ್ಲಿನ ಲಿನಕ್ಸ್-ಹೆಡರ್ಸ್ ಪ್ಯಾಕೇಜ್ ಹಾಕಿ ಡ್ರೈವರನ್ನು ಮತ್ತೆ ಸ್ಥಾಪಿಸಿ.

ಹಿಂದಿನ ಕರ್ನೆಲ್‌ನಿಂದಲೂ ಏಳದಿದ್ದರೆ ಅದೇ ಮೆನುವಿನ "ರಿಕವರಿ ಮೋಡ್" ಆರಿಸಿ. ಅಲ್ಲಿ ಕ್ರಮವಾಗಿ ಎಫ್‌ಎಸ್‌ಸಿಕೆ, ಕ್ಲೀನ್, ನೆಟ್‌ವರ್ಕ್, ಡಿಪಿಕೆಜಿ ಎಂಬ ಆಯ್ಕೆಗಳನ್ನು ಬಳಸಿ: ಮೊದಲು ಡಿಸ್ಕಿನ ತಪಾಸಣೆ, ಆಮೇಲೆ ಜಾಗ, ಆಮೇಲೆ ನೆಟ್, ಕೊನೆಗೆ ಪ್ಯಾಕೇಜ್ ದುರಸ್ತಿ.

## ಹಂತ 10: ಮುಗಿಯಿತೆಂದು ಖಚಿತಪಡಿಸಿಕೊಳ್ಳುವುದು, ನಿಲ್ಲಿಸಬೇಕಾದ ಸಂದರ್ಭ

"ಸುಡೋ ಡಿಪಿಕೆಜಿ --ಆಡಿಟ್" ಕೊಟ್ಟಾಗ ಏನೂ ಬರೆಯದೆ ಹಿಂತಿರುಗಿದರೆ ಅರ್ಧಂಬರ್ಧ ಪ್ಯಾಕೇಜ್ ಯಾವುದೂ ಉಳಿದಿಲ್ಲ. "ಸುಡೋ ಆಪ್ಟ್-ಗೆಟ್ ಚೆಕ್" ಕೂಡ ಎರರ್ ಕೊಡಬಾರದು. "/ವಾರ್/ರನ್/ರೀಬೂಟ್-ರಿಕ್ವೈರ್ಡ್" ಎಂಬ ಕಡತ ಇದ್ದರೆ ರೀಸ್ಟಾರ್ಟ್ ಮಾಡಿ, ಪ್ರಿಂಟರ್, ಧ್ವನಿ, ಕನ್ನಡ ಟೈಪಿಂಗ್ ಮೂರನ್ನೂ ಒಮ್ಮೆ ಪರೀಕ್ಷಿಸಿ. ಉಬುಂಟುವಿನಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ (ಬೇರೆ ಬಗೆಯ ಪ್ಯಾಕೇಜ್) ಆಗಿ ಬರುವುದರಿಂದ ಅದು ಆಪ್ಟ್ ಮೂಲಕ ಹೊಸದಾಗುವುದಿಲ್ಲ. ಅದನ್ನು ಮುಚ್ಚಿ "ಸುಡೋ ಸ್ನ್ಯಾಪ್ ರಿಫ್ರೆಶ್" ಕೊಡಬೇಕು.

ಕೆಲವು ಲಕ್ಷಣಗಳು ಕಂಡರೆ ಈ ಎಲ್ಲ ಕೆಲಸವನ್ನು ಅಲ್ಲಿಗೇ ಬಿಡಬೇಕು. "ರೀಡ್-ಓನ್ಲಿ ಫೈಲ್ ಸಿಸ್ಟಂ" ಎಂಬ ಎರರ್ ಬಂದರೆ, "ಸುಡೋ ಡಿಮೆಸ್ಗ್" ಬರಹದಲ್ಲಿ "ಐ/ಒ ಎರರ್" ಸಾಲುಗಳು ತುಂಬಿದ್ದರೆ, ಅಥವಾ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಸದ್ದು ಮಾಡುತ್ತಿದ್ದರೆ ಕೆಟ್ಟಿರುವುದು ಹೆಚ್ಚಾಗಿ ಅಪ್‌ಡೇಟ್ ಅಲ್ಲ, ಡಿಸ್ಕ್ ಅಥವಾ ಅದರ ಕೇಬಲ್. ಆ ಸ್ಥಿತಿಯಲ್ಲಿ ದುರಸ್ತಿಯ ಪ್ರತಿಯೊಂದು ಕಮಾಂಡ್ ಡಿಸ್ಕಿನ ಮೇಲೆ ಇನ್ನಷ್ಟು ಬರೆಯುತ್ತದೆ. ಲೈವ್ ಪೆನ್‌ಡ್ರೈವ್‌ನಿಂದ ಯಂತ್ರ ಹಚ್ಚಿ, ಹಂತ 2ರಲ್ಲಿ ಉಳಿದುಹೋದ ದಾಖಲೆಗಳಿದ್ದರೆ ಮೊದಲು ಹೊರಗೆ ತೆಗೆದುಕೊಳ್ಳಿ. ಸ್ಮಾರ್ಟ್‌ಮಾನ್‌ಟೂಲ್ಸ್ ಪ್ಯಾಕೇಜಿನ "ಸ್ಮಾರ್ಟ್‌ಸಿಟಿಎಲ್ -ಎ" ಮುಂದೆ ಡಿಸ್ಕಿನ ಹೆಸರು ಕೊಟ್ಟರೆ "ಕರೆಂಟ್_ಪೆಂಡಿಂಗ್_ಸೆಕ್ಟರ್" ಎಂಬ ಸಾಲು ಕಾಣುತ್ತದೆ. ಅದರ ಕೊನೆಯ ಅಂಕಣದಲ್ಲಿ 0 ಬಿಟ್ಟು ಬೇರೆ ಸಂಖ್ಯೆ ಇದ್ದರೆ ಹೊಸ ಡಿಸ್ಕ್ ತಂದು, ಸಿಸ್ಟಂ ಅನ್ನು ಅದರ ಮೇಲೆ ಹಾಕಿಕೊಳ್ಳಿ.